ಕಾರೋಣ ಯಾರ ಕಡೆ ತಿರುಗಬೇಕು? ಕೊಡಗಿನ ತಕ್ಕರಿಗೆ, ಪಟ್ಟೆದಾರರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕೊಡಗಿನ ಎಲ್ಲ ನಾಡುಗಳ ದೇವತಕ್ಕರು, ಊರುತಕ್ಕರು, ದೇವಸ್ಥಾನ ಸಮಿತಿಗಳ ಅಧ್ಯಕ್ಷರು, ಸದಸ್ಯರು ಮತ್ತು ಒಕ್ಕಗಳ ಹಿರಿಯರಾದ ಪಟ್ಟೆದಾರರು

ವಿಷಯ: ತೆರೆ, ಕಾರೋಣಂಗೆ ಕೊಡುವ ಕಾರ್ಯ ಮತ್ತು ಊರ ಹಬ್ಬಗಳಲ್ಲಿ ಮೊಬೈಲ್ ಚಿತ್ರೀಕರಣದ ಬಗ್ಗೆ ನಾಡಕೂಟದಲ್ಲಿ ತೀರ್ಮಾನ ಮಾಡುವಂತೆ ಕೋರಿಕೆ

ಮಾನ್ಯರೇ,

ನಾಪೋಕ್ಲು ಕಡೆಯ ಒಂದು ಒಕ್ಕಕ್ಕೆ, ಎಂದರೆ ಒಬ್ಬ ಮೂಲಪುರುಷನಿಂದ ಬಂದ ಕುಲಕ್ಕೆ, ನಾನು ಮದುವೆಯಾಗಿ ಬಂದು 41 ವರ್ಷವಾಯಿತು. ಅದರಲ್ಲಿ 30 ವರ್ಷ ಸರಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿದೆ. ಇಂದು ಊರು, ದೇವಸ್ಥಾನಗಳ ಮುಖ್ಯಸ್ಥರಾದ ತಕ್ಕರ ಜಾಗದಲ್ಲಿ ಕೂತವರಲ್ಲಿ ಇಬ್ಬರು ಮೂವರು ನನ್ನ ಕೈಯಲ್ಲಿ ಕಾಗುಣಿತ ಕಲಿತವರೇ. ಈ ಮಾತನ್ನು ನಾಡಕೂಟದಲ್ಲಿ ಎದ್ದು ನಿಂತು ಹೇಳಬೇಕಿತ್ತು. ಎರಡು ಸಲ ಹೇಳಬೇಕೆಂದೇ ಹೋಗಿ, ಲೆಕ್ಕಪತ್ರದ ಗಲಾಟೆ ಮುಗಿಯುವಷ್ಟರಲ್ಲಿ ಕತ್ತಲಾಗಿ, ಬಾಯಿ ಬಿಡದೆ ವಾಪಸ್ ಬಂದೆ. ಮನೆಯ ವಿಷಯ ಹೀಗೆ ಬೀದಿಯಲ್ಲಿ ಬರೆಯಬಹುದೇ ಎಂದು ನಮ್ಮವರೇ ಕೇಳಿದರು. ಮನೆಯ ವಿಷಯ ಬೀದಿಗೆ ಹೋಗಿ ಆಗಲೇ ವರ್ಷವಾಯಿತು, ಅದನ್ನು ಕರೆದು ತರಲು ನಾನೂ ಬೀದಿಗೇ ಬರಬೇಕಾಯಿತು.

ಹೋದ ವರ್ಷ ನಮ್ಮ ನೆಂಟರ ಒಕ್ಕದಲ್ಲಿ ಕಾರೋಣಂಗೆ ಕೊಡುವ ಕಾರ್ಯವಿತ್ತು. ರಾತ್ರಿ ಹಿರಿಯರ ಗುಡಿಯಾದ ಕೈಮಡದ ಮುಂದೆ ತೆರೆ. ನಿಮಗೆ ವಿವರಿಸಬೇಕಾಗಿಲ್ಲ, ಆದರೆ ಇದನ್ನು ಹೊರಗಿನವರೂ ಓದುತ್ತಾರೆ, ಅವರಿಗಾಗಿ ಎರಡು ಮಾತು. ಕಾರೋಣ ಎಂದರೆ ಒಕ್ಕದ ಮೂಲಪುರುಷ. ಆ ರಾತ್ರಿ ಅವನು ತೆರೆ ಕಟ್ಟಿದವರ, ಎಂದರೆ ಬಣ್ಣ ಹಚ್ಚಿ ವೇಷ ಧರಿಸಿದವರ, ಮೈಮೇಲೆ ಬಂದು ತನ್ನ ಮಕ್ಕಳು ಮೊಮ್ಮಕ್ಕಳ ಜೊತೆ ಮಾತಾಡುತ್ತಾನೆ. ಒಬ್ಬೊಬ್ಬರನ್ನೇ ಹತ್ತಿರ ಕರೆಯುತ್ತಾನೆ. ಗದ್ದೆ ಪಾಳು ಬಿಟ್ಟವನನ್ನು ಗದರುತ್ತಾನೆ, ಅಣ್ಣತಮ್ಮಂದಿರ ಜಗಳ ಕೆದಕುತ್ತಾನೆ, ಅಳುವವರ ತಲೆ ಮೇಲೆ ಕೈ ಇಡುತ್ತಾನೆ. ಊರಿಗೆಲ್ಲ ಮಾಡುವ ಭಾಷಣವಲ್ಲ ಅದು. ಒಬ್ಬರ ಕಿವಿಗೆ ಒಬ್ಬರು ಹೇಳುವ ಮಾತು, ಸುತ್ತ ನೂರು ಜನ ನಿಂತಿದ್ದರೂ.

ಅಂದು ಒಬ್ಬ ಹೆಣ್ಣುಮಗಳ ಸರದಿ ಬಂತು. ಎರಡು ಮಳೆಗಾಲದ ಹಿಂದೆ ಮಗನನ್ನು ಕಳೆದುಕೊಂಡವಳು. ಆಮೇಲೆ ಯಾರ ಮುಂದೆಯೂ ಅತ್ತವಳಲ್ಲ, ಮದುವೆ ಮುಂಜಿಗೆ ಬಂದರೂ ಮೂಲೆ ಹಿಡಿದು ಕೂರುತ್ತಿದ್ದಳು. ಆಕೆ ಕಾರೋಣನನ್ನು ಕೇಳಿದ್ದೇನು ಎಂದು ನಾನಿಲ್ಲಿ ಬರೆಯುವುದಿಲ್ಲ, ಬರೆದರೆ ಅವರು ಮಾಡಿದ್ದನ್ನೇ ನಾನೂ ಮಾಡಿದಂತೆ. ಕೇಳಿದಳು, ಕೈ ಚಾಚಿದಳು. ಕಾರೋಣ ಬಾಯಿ ತೆರೆದ. ಅಷ್ಟರಲ್ಲಿ ಎಡಗಡೆಯಿಂದ ಫೋನಿನ ಟಾರ್ಚು ಹೊತ್ತಿತು, ಅದರ ಹಿಂದೆ ಇನ್ನೆರಡು. ಬೆಳಕು ನೇರ ಮುಖಕ್ಕೆ ಬಿತ್ತು. ಮಾತು ಅಲ್ಲಿಗೇ ನಿಂತಿತು. ಕಾರೋಣ ಬೆಳಕಿನ ಕಡೆ ತಿರುಗಿದ. ಆಕೆಯ ಕೈ ಚಾಚಿದಂತೆಯೇ ಇತ್ತು.

ಬೆಳಗ್ಗೆ ನಾವು ಕಡುಬು ಬೇಯಿಸುವ ಹೊತ್ತಿಗೆ ಅದು ರೀಲ್ಸ್ ಆಗಿತ್ತು. ಅರ್ಧ ನಿಮಿಷದ್ದು. ಹಿಂದೆ ಯಾವುದೋ ಸಿನಿಮಾದ ಢಂಢಂ ಸಂಗೀತ, ಮೇಲೆ ‘ದೇವರು ಬಂದಾಗ’ ಎಂಬ ಕೆಂಪಕ್ಷರ. ಕೆಳಗೆ ಯಾವ ಯಾವ ಊರಿನವರದೋ ಮಾತು. ಕುಡಿದು ಕುಣಿಯುತ್ತಿದ್ದಾರೆ ಎಂದು ಒಬ್ಬ, ಆಂಟಿ ನಟನೆ ಸೂಪರ್ ಎಂದು ಇನ್ನೊಬ್ಬ. ನಕ್ಕು ಕಣ್ಣೀರು ಬರುವ ಹಳದಿ ಮುಖಗಳ ಸಾಲು. ಹಾಕಿದವನು ಹೊರಗಿನವನಲ್ಲ, ಅದೇ ಒಕ್ಕದ ಹುಡುಗ. ಬೈದಾಗ ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ‘ನಮ್ಮ ಸಂಸ್ಕೃತಿ ಎಲ್ಲರಿಗೂ ಗೊತ್ತಾಗಲಿ ಅಂತ ಹಾಕಿದ್ದು ಕುಞವ್ವ’ ಎಂದ. ತೆಗೆದ, ಆದರೆ ಅಷ್ಟರಲ್ಲಿ ನಾಲ್ಕು ಕಡೆ ನಕಲಾಗಿತ್ತು. ಆ ಹೆಣ್ಣುಮಗಳು ನನಗೆ ಹೇಳಿದ್ದು ಒಂದೇ ಮಾತು: ‘ಅವತ್ತು ಉತ್ತರ ಸಿಗಲಿಲ್ಲ ಅಕ್ಕ.’

ಈ ಪತ್ರದಲ್ಲಿ ನನ್ನ ದೂರು ಆ ಹುಡುಗನ ಮೇಲಲ್ಲ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳಬೇಕಾದವರು ನೀವು. ಅಂದು ನಿಮ್ಮಲ್ಲಿ ಇಬ್ಬರು ಅಲ್ಲೇ ಬೆಂಚಿನ ಮೇಲೆ ಕೂತಿದ್ದಿರಿ. ಒಬ್ಬರ ಕೈಯಲ್ಲಿ ಫೋನೂ ಇತ್ತು.

ತೆರೆ ಕಟ್ಟಿದವರು ಆಮೇಲೆ ಸಂತೆಯಲ್ಲಿ ಸಿಕ್ಕರು. ಹಸಿಮೆಣಸು ಆರಿಸುತ್ತಿದ್ದರು. ಆ ದಿನದ ಬಗ್ಗೆ ನಾನಾಗಿ ಎತ್ತಲಿಲ್ಲ, ಅವರೇ ಎತ್ತಿದರು. ‘ಬಣ್ಣ ಹಚ್ಚಿ, ಮುಡಿ ಇಟ್ಟು, ಕನ್ನಡಿ ನೋಡ್ತೀವಲ್ಲ ಟೀಚರೇ, ಆಮೇಲೆ ನಾನು ಇರೋದಿಲ್ಲ. ನಮ್ಮಪ್ಪನೂ ಹಂಗೇ ಹೇಳ್ತಿದ್ದರು. ಈಗ ಎದುರಿಗೆ ಫೋನು ಕಂಡರೆ ಸಾಕು, ನಾನು ವಾಪಸ್ ಬಂದುಬಿಡ್ತೀನಿ.’ ಇಷ್ಟು ಹೇಳಿ ಮೆಣಸಿನ ದುಡ್ಡು ಕೊಟ್ಟು ಹೊರಟರು. ಮನುಷ್ಯನ ಪ್ರಜ್ಞೆಗೆ ಈ ಯಂತ್ರ ಏನು ಮಾಡುತ್ತದೆ ಎಂದು ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಲೇಖನ ಓದಿದ್ದೇನೆ. ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿದವರನ್ನು ಕಂಡಿರಲಿಲ್ಲ. ತಾನು ಎಂಬುದನ್ನು ಬಿಟ್ಟುಕೊಡಲು ಅವರಿಗೆ ಒಂದು ಕನ್ನಡಿ ಸಾಕು. ತಾನು ಎಂಬುದು ಮತ್ತೆ ಬಂದು ಅಂಟಿಕೊಳ್ಳಲು ಒಂದು ಲೆನ್ಸು ಸಾಕು. ನಿಮಗೆ ಕಾರೋಣನಲ್ಲಿ ನಂಬಿಕೆ ಇದೆಯೋ ಇಲ್ಲವೋ, ಆ ಪ್ರಶ್ನೆ ಬೇರೆ. ನಂಬದ ನನ್ನ ಮಗನಿಗೂ ಈ ಮಾತು ನಾಟಿತು. ಆ ತೆರೆ ಕಟ್ಟುವವರ ಮಗಳನ್ನು ಶಾಲೆಯಲ್ಲಿ ‘ರೀಲ್ಸ್ ದೇವರ ಮಗಳು’ ಎಂದು ಕರೆಯುತ್ತಾರಂತೆ. ಇದನ್ನು ಹೇಳಿದ್ದು ಅವರಲ್ಲ, ಅಲ್ಲಿನ ಟೀಚರು.

ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲೂ ನಾನು ಕಂಡದ್ದು ಇದನ್ನೇ. ಪ್ರತಿ ವರ್ಷ ಅಕ್ಟೋಬರ್ 17ರ ಆಸುಪಾಸು ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಗೆ ತೀರ್ಥೋದ್ಭವ. ಒಂದು ವರ್ಷ ನಡು ಮಧ್ಯಾಹ್ನ ಬಂದರೆ ಇನ್ನೊಂದು ವರ್ಷ ನಡುರಾತ್ರಿ, ಹೊತ್ತು ನಮ್ಮ ಅನುಕೂಲಕ್ಕೆ ಬರುವುದಿಲ್ಲ, ನಾವೇ ಚಳಿಯಲ್ಲಿ ಕಾಯಬೇಕು. ಕಾದು ಕಾದು ಕೊನೆಗೆ ಕುಂಡಿಕೆಯಲ್ಲಿ ನೀರು ಉಕ್ಕುವ ಆ ಕ್ಷಣಕ್ಕೆ ನೋಡಿದರೆ ಕೈ ಮುಗಿದವರಿಗಿಂತ ಕೈ ಎತ್ತಿದವರೇ ಹೆಚ್ಚು. ನನ್ನ ಮುಂದಿದ್ದವರ ಫೋನಿನ ಪರದೆಯಲ್ಲೇ ನಾನು ತೀರ್ಥೋದ್ಭವ ನೋಡಿದೆ, ಕುಂಡಿಕೆ ನನ್ನಿಂದ ಹದಿನೈದು ಅಡಿ ದೂರದಲ್ಲಿತ್ತು.

ಇದಕ್ಕೆ ಎದುರಾದ ಇನ್ನೊಂದು ಚಿತ್ರವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ನನ್ನ ಅತ್ತೆ ಕೊನೆಯ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ಟಿವಿಯಲ್ಲಿ ತೀರ್ಥೋದ್ಭವದ ನೇರಪ್ರಸಾರ ಬರುತ್ತದೆ ಎಂದಾಗ ಮುಖ ತೊಳೆಸು ಎಂದರು, ಪೆಟ್ಟಿಗೆಯಿಂದ ಹೊಸ ಸೀರೆ ತೆಗೆಸಿ ಉಡಿಸಿಕೊಂಡರು, ದಿಂಬಿಗೆ ಒರಗಿ ಒಂದು ಗಂಟೆ ಕಾದರು. ನೀರು ಉಕ್ಕಿದಾಗ ಕೈ ಮುಗಿದು ಕಣ್ಣು ಮುಚ್ಚಿದರು. ನೋಡಬೇಕೆಂದು ಕಾದವರು ನೋಡುವ ಹೊತ್ತಿಗೆ ಕಣ್ಣು ಮುಚ್ಚಿದ್ದು ನನಗೆ ಇಂದಿಗೂ ಮರೆತಿಲ್ಲ. ಆದ್ದರಿಂದ ಯಂತ್ರ ಬಂದರೆ ಭಕ್ತಿ ಹೋಯಿತು ಎಂದು ನಾನು ಹೇಳಲಾರೆ. ಅವರ ಮಟ್ಟಿಗೆ ಆ ಟಿವಿ ತಲಕಾವೇರಿಯೇ ಆಗಿತ್ತು.

ಕ್ಯಾಮೆರಾ ಎತ್ತಿದರೆ ನೆನಪು ಉಳಿಯುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಅಮೆರಿಕದಲ್ಲಿ ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನೇ ಪರೀಕ್ಷೆ ಮಾಡಿದರು, 2014ರಲ್ಲಿ ಪ್ರಕಟವಾಯಿತು. ವಸ್ತುಸಂಗ್ರಹಾಲಯಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದು ಕೆಲವು ವಸ್ತುಗಳನ್ನು ಬರೀ ನೋಡಿ, ಕೆಲವನ್ನು ಫೋಟೋ ತೆಗೆಯಿರಿ ಎಂದರು. ಮರುದಿನ ಕೇಳಿದರೆ ಫೋಟೋ ತೆಗೆದವುಗಳೇ ಕಡಿಮೆ ನೆನಪಿದ್ದವು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಎಂದು ಮನಸ್ಸು ಕೆಲಸ ಬಿಟ್ಟುಬಿಡುತ್ತದೆ. ಆದರೆ ಅದೇ ಪರೀಕ್ಷೆಯಲ್ಲಿ ವಸ್ತುವಿನ ಒಂದು ಭಾಗವನ್ನು ಹತ್ತಿರ ಎಳೆದು, ಗಮನ ಕೊಟ್ಟು ತೆಗೆದಾಗ ಈ ಮರೆವು ಕಾಣಲಿಲ್ಲ. ಎಂದರೆ ಕಳೆದುಹೋಗುವುದು ಗಮನ, ಫೋನು ಅದಕ್ಕೊಂದು ನೆಪ. ನಮ್ಮ ಅತ್ತೆಯ ಹತ್ತಿರ ಇದ್ದದ್ದೂ ಅದೇ ಗಮನ.

ಈ ಗಮನವನ್ನೇ ಮಾರುವ ಅಂಗಡಿ ನಮ್ಮ ಜೇಬಿನಲ್ಲಿದೆ. ಎಷ್ಟು ಉಜ್ಜಿದರೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಎಂಜಿನಿಯರ್ ಏಜಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. 2009ರಲ್ಲಿ ಫೇಸ್‌ಬುಕ್‌ಗೆ ಲೈಕ್ ಗುಂಡಿ ಬಂತು. ಅಲ್ಲಿಂದಾಚೆಗೆ ನಾವು ಏನು ಮಾಡಿದರೂ ಎಷ್ಟು ಜನ ಮೆಚ್ಚಿದರು ಎಂಬ ಲೆಕ್ಕ ಅದರ ಬೆನ್ನಿಗೇ ಬರುತ್ತದೆ. ಯಾವ ತುಣುಕಿಗೆ ಜನ ನಿಂತು ನೋಡುತ್ತಾರೋ, ಬೈಯುತ್ತಾರೋ, ಹಂಚುತ್ತಾರೋ ಅದನ್ನೇ ಯಂತ್ರ ಮುಂದೆ ತಳ್ಳುತ್ತದೆ. ಶಾಂತವಾಗಿ ದೀಪ ಹಚ್ಚುವುದನ್ನು ತಳ್ಳುವುದಿಲ್ಲ. ರಕ್ತ, ಹೆಂಡ, ಅಳು, ಕೂಗು, ಇವನ್ನು ತಳ್ಳುತ್ತದೆ. ಕೊಡಗಿನ ಆಚರಣೆಗಳಲ್ಲಿ ಇವೆಲ್ಲ ಇವೆ, ಆದರೆ ಅವು ಒಂದೊಂದಕ್ಕೂ ಒಂದು ಹೊತ್ತು, ಒಂದು ಜಾಗ, ಹಿಂದೊಂದು ಮುಂದೊಂದು ಇದೆ. ಆ ಹಿಂದುಮುಂದನ್ನು ಕತ್ತರಿಸಿ ಬಿಸಾಡುವುದೇ ರೀಲ್ಸ್‌ನ ಕಸುಬು.

ದೇವರಪುರದ ಕುಂಡೆ ಹಬ್ಬ ತೆಗೆದುಕೊಳ್ಳಿ. ಮೇ ತಿಂಗಳಲ್ಲಿ ಜೇನು ಕುರುಬರು, ಯರವರು ಮುಂತಾದ ಬುಡಕಟ್ಟಿನವರು ವೇಷ ಹಾಕಿ, ಡಬ್ಬ ಬುರುಡೆ ಬಡಿಯುತ್ತ, ದೇವರನ್ನೂ ಧಣಿಯನ್ನೂ ದಾರಿಹೋಕರನ್ನೂ ಬಾಯಿಗೆ ಬಂದಂತೆ ಬೈಯುವ ಹಬ್ಬ. ಬೇಟೆಗೆಂದು ಕರೆದೊಯ್ದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಿನಲ್ಲೇ ಬಿಟ್ಟ ಎಂಬ ಸಿಟ್ಟು ಆ ಬೈಗುಳದ ಮೂಲ. ವರ್ಷವಿಡೀ ತೋಟದ ಲೈನ್‌ಮನೆಯಲ್ಲಿ ತಲೆ ತಗ್ಗಿಸಿ ದುಡಿಯುವವರಿಗೆ ಆ ಒಂದು ದಿನ ಧಣಿಯ ಮುಖಕ್ಕೇ ಬೈಯುವ ಹಕ್ಕಿದೆ, ಬೈಸಿಕೊಂಡವರು ದುಡ್ಡು ಕೊಟ್ಟು ನಗಬೇಕು. ಇದರ ಅರ್ಥ ಬೈಯುವವನಿಗೂ ಗೊತ್ತು, ಬೈಸಿಕೊಳ್ಳುವವನಿಗೂ ಗೊತ್ತು. ನನ್ನ ಫೋನಿಗೆ ಬಂದ ತುಣುಕಿನಲ್ಲಿ ಉಳಿದದ್ದು ಹೆಣ್ಣುವೇಷದ ಒಬ್ಬ ಯರವ ಹುಡುಗ, ಒಂದು ಕೆಟ್ಟ ಪದ, ಕೆಳಗೆ ‘ಇವರಿಗೆ ನಾಗರಿಕತೆ ಕಲಿಸಿ’ ಎಂಬ ಉಪದೇಶ. ಕಳಿಸಿದವರು ವಿದ್ಯಾವಂತರು, ಕೊಡಗಿನವರೇ.

ಕರಾವಳಿಯವರೂ ಇದನ್ನು ಅನುಭವಿಸಿದ್ದಾರೆ. 2022ರಲ್ಲಿ ದೈವಾರಾಧನೆಯ ಸಿನಿಮಾ ಒಂದು ದೇಶವೆಲ್ಲ ಓಡಿದ ಮೇಲೆ ಕಂಡಕಂಡವರು ಮುಖಕ್ಕೆ ಬಣ್ಣ ಮೆತ್ತಿಕೊಂಡು ದೈವದಂತೆ ಕೂಗುವ ರೀಲ್ಸ್ ಮಾಡಿದರು, ದೈವ ಕಟ್ಟುವ ಸಮುದಾಯದವರು ನಿಲ್ಲಿಸಿ ಎಂದು ಬೇಡಿಕೊಳ್ಳಬೇಕಾಯಿತು. ಅದರ ಮುಂದೆ ನಮ್ಮದು ಸಣ್ಣ ನಾಡು. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ 5,54,519. ಕೊಡವ ತಕ್ಕನ್ನು, ಎಂದರೆ ಕೊಡವ ಭಾಷೆಯನ್ನು, ತಾಯ್ನುಡಿ ಎಂದು ಬರೆಸಿದವರು ದೇಶದಲ್ಲೆಲ್ಲ ಸೇರಿ 1,13,857. ಯುನೆಸ್ಕೋದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ನಮ್ಮ ಭಾಷೆ ಇದೆ. ಇಷ್ಟು ಸಣ್ಣ ಗುಂಪಿನ ಬಗ್ಗೆ ಹೊರಗಿನವರು ಬರೆದದ್ದು ಬೇಗ ನಮ್ಮ ಕಿವಿಗೇ ವಾಪಸ್ ಬರುತ್ತದೆ, ಬಂದು ನಾವೇ ಅದನ್ನು ನಂಬಲು ಶುರುಮಾಡುತ್ತೇವೆ.

ಇದರ ಎರಡು ಉದಾಹರಣೆ ನನ್ನ ಕಣ್ಣೆದುರಿಗೇ ಆದದ್ದು.

ಮೊದಲನೆಯದು, ಆ ರೀಲ್ಸ್ ಆದ ಮೇಲೆ ಈ ವರ್ಷ ಬೇರೊಂದು ಒಕ್ಕದಲ್ಲಿ ಕಾರೋಣನ ಮೀದಿ. ಮೀದಿ ಎಂದರೆ ಹಿರಿಯರಿಗೆ ಎಲೆಯಲ್ಲಿ ಇಡುವ ಊಟ. ನಮ್ಮ ಹಿರಿಯರು ಉಂಡದ್ದು, ಕುಡಿದದ್ದು ಏನೋ ಅದನ್ನೇ ಅವರಿಗೂ ಇಡುವುದು, ಕೋಳಿ, ಕಡುಬು, ಕಳ್ಳು. ಈ ಸಲ ಎಲೆಯಲ್ಲಿ ಕೋಳಿಯೂ ಇಲ್ಲ, ಬಟ್ಟಲೂ ಇಲ್ಲ. ಹಣ್ಣು, ಪಾಯಸ. ಏಕೆ ಎಂದು ಕೇಳಿದೆ. ‘ಯಾರಾದರೂ ವಿಡಿಯೋ ಮಾಡಿ ಹಾಕಿದರೆ ಮತ್ತೆ ಬಾಯಿಗೆ ಬಂದಂತೆ ಬರೀತಾರೆ’ ಎಂದರು ಪಟ್ಟೆದಾರರು, ಹಿಂಜರಿಯುತ್ತಲೇ. ಕಳ್ಳನ್ನು ಆಮೇಲೆ, ಎಲ್ಲರೂ ಹೋದ ಮೇಲೆ, ಹಿತ್ತಲ ಬಾಗಿಲಿನಿಂದ ತಂದಿಟ್ಟರಂತೆ. ಒಂದು ಒಕ್ಕ ತಾನೇ ಕೂತು ಮಾತಾಡಿ ಮಾಂಸ ಬಿಟ್ಟರೆ, ಕಳ್ಳು ಬಿಟ್ಟರೆ, ನನ್ನದೇನೂ ತಕರಾರಿಲ್ಲ, ಆಚರಣೆಗಳು ಬದಲಾಗುತ್ತ ಬಂದಿವೆ. ಆದರೆ ಎಲ್ಲೋ ಕೂತು ಹೆಬ್ಬೆರಳಲ್ಲಿ ಉಜ್ಜುವ ಒಬ್ಬ ಅಪರಿಚಿತನಿಗೆ ಹೆದರಿ ಅಜ್ಜನಿಗೆ ಕದ್ದು ಊಟ ಬಡಿಸುವ ಗತಿ ನಮಗೆ ಬಂತಲ್ಲ.

ಎರಡನೆಯದು ಸ್ವಲ್ಪ ನಗುವ ವಿಷಯ, ನಕ್ಕ ಮೇಲೆ ಅಳುವ ವಿಷಯ. ನಮ್ಮ ಒಕ್ಕದ ವಾಟ್ಸಾಪ್ ಗುಂಪಿನಲ್ಲಿ ಬೆಂಗಳೂರಿನ ಒಬ್ಬ ಹುಡುಗ ನಮ್ಮ ಗುರುಕಾರೋಣನ ಕಥೆ ಎಂದು ಎರಡು ಪುಟ ಹಾಕಿದ. ಒಂದು ಎಐ ಆ್ಯಪನ್ನು ಕೇಳಿ ಬರೆಸಿದ್ದು. ಓದಲು ಸೊಗಸಾಗಿತ್ತು. ನಮ್ಮ ಕಾರೋಣ ಯಾವುದೋ ಯುದ್ಧದಲ್ಲಿ ಹೋರಾಡಿ, ರಾಜನಿಂದ ಕತ್ತಿ ಪಡೆದು, ಹುಲಿ ಕೊಂದು ಮಡಿದನಂತೆ. ನನ್ನ ಅತ್ತೆ ಹೇಳುತ್ತಿದ್ದ ಕಥೆಯಲ್ಲಿ ಅವನು ಹೋರಾಡಿದ್ದು ನೀರಿಗಾಗಿ. ಪಕ್ಕದ ಊರಿನವರ ಜೊತೆ ಗದ್ದೆಗೆ ಬರುವ ತೋಡಿನ ನೀರಿನ ಜಗಳ, ಕೊನೆಗೆ ಇವನೇ ಸೋತು, ಅವರ ಮಗಳನ್ನು ತಂದುಕೊಂಡು, ನೀರನ್ನು ಪಾಲು ಮಾಡಿಕೊಂಡ. ಹುಲಿಯಿಲ್ಲ, ರಾಜನಿಲ್ಲ. ಸೋತು ಸಂಬಂಧ ಬೆಳೆಸಿದ ಅಜ್ಜ. ಆ ಪಾಲು ಇಂದಿಗೂ ನಡೆಯುತ್ತಿದೆ.

ಆ ಯಂತ್ರ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅದು ಓದಿದ ರಾಶಿ ಬರಹದಲ್ಲಿ ಒಂದು ಪದದ ಹಿಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ನೋಡಿ ವಾಕ್ಯ ಹೆಣೆಯುತ್ತದೆ. ನಮ್ಮ ಒಕ್ಕದ ಬಗ್ಗೆ ಅದು ಓದಲು ಎಲ್ಲೂ ಏನೂ ಬರೆದಿಲ್ಲ, ಆದರೆ ಕೊಡವರು ಎಂದರೆ ವೀರರು, ಕತ್ತಿ, ಕೋವಿ, ಹುಲಿ ಎಂದು ಸಾವಿರ ಕಡೆ ಇದೆ. ಆ ಸಾವಿರದ ಸರಾಸರಿ ತೆಗೆದು ನಮ್ಮ ಅಜ್ಜನಿಗೆ ತೊಡಿಸಿತು. ನಾನು ಗುಂಪಿನಲ್ಲಿ ತಿದ್ದಿ ಬರೆದೆ. ಮೂವರು ಹೆಬ್ಬೆರಳು ಎತ್ತಿದರು. ಹುಲಿಯ ಕಥೆಗೆ ಅರವತ್ತು ಹೃದಯ ಬಿದ್ದಿದ್ದವು. ಈ ಬಾರಿ ಸುಗ್ಗಿ ಹಬ್ಬ ಪುತ್ತರಿಗೆ ಬಂದ ಮಕ್ಕಳು ತೂಕ್‌ಬೊಳಕಿನ, ಆ ತೂಗುದೀಪದ, ಕೆಳಗೆ ಕೂತು ಒಬ್ಬರಿಗೊಬ್ಬರು ಹೇಳಿಕೊಂಡದ್ದು ಹುಲಿಯ ಕಥೆಯನ್ನೇ. ಅತ್ತೆ ಇಲ್ಲ. ಅವರ ದನಿಯನ್ನು ಹಿಡಿದಿಡಬೇಕೆಂದು ಯಾರಿಗೂ, ಮೂವತ್ತು ವರ್ಷ ಪಾಠ ಮಾಡಿದ ನನಗೂ, ಹೊಳೆಯಲಿಲ್ಲ. ಇದೊಂದು ತಪ್ಪು ನನ್ನದೇ.

ಹೀಗೆಂದರೆ ಈ ಮುದುಕಿಗೆ ಫೋನು ಕಂಡರಾಗದು ಎಂದುಕೊಳ್ಳಬೇಡಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಯಾರು ಎಲ್ಲಿ ಸಿಕ್ಕಿಬಿದ್ದಿದ್ದಾರೆ, ಯಾವ ದಾರಿ ತೆರೆದಿದೆ ಎಂದು ತಿಳಿದದ್ದು ಇದೇ ವಾಟ್ಸಾಪಿನಿಂದ. ನಾನೂ ನಿರಾಶ್ರಿತರ ಶಿಬಿರದಲ್ಲಿ ಕೂತು ಹೆಸರು ಪಟ್ಟಿ ಟೈಪು ಮಾಡಿ ಕಳಿಸಿದ್ದೇನೆ. ಕೆನಡಾದಲ್ಲಿರುವ ನನ್ನ ಭಾವನ ಮಗ ಪುತ್ತರಿಯ ಕದಿರು ಕೊಯ್ಯುವಾಗ ವಿಡಿಯೋ ಕಾಲ್‌ನಲ್ಲಿ ‘ಪೊಲಿ ಪೊಲಿ ದೇವಾ’ ಎಂದು ಕೂಗಿದ, ಅವನ ಅಡುಗೆಮನೆಯಿಂದ. ಅದು ಗದ್ದೆಯವರೆಗೂ ಕೇಳಿಸಿತು. ಪಕ್ಕದವರು ನಕ್ಕರು, ನನಗೆ ಗಂಟಲು ಕಟ್ಟಿತು.

ದಾಖಲಿಸುವುದೇ ತಪ್ಪು ಎಂದೂ ನನ್ನ ವಾದವಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಬಾಯಿಂದ ಬಾಯಿಗೆ ಬಂದ ಹಾಡುಗಳನ್ನು ಕೂಡಿಸಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕದಿದ್ದರೆ ಇಂದು ದುಡಿ ಹಿಡಿದು ಹಾಡುವವರಿಗೆ ಅರ್ಧ ಹಾಡು ಸಿಗುತ್ತಿರಲಿಲ್ಲ. 1924ರ ಆ ಪಟ್ಟೋಲೆ ಪಳಮೆಯೂ ಆ ಕಾಲದ ಅಚ್ಚಿನ ಯಂತ್ರದಿಂದಲೇ ಬಂದದ್ದು. ಆದರೆ ಚಿಣ್ಣಪ್ಪನವರು ಹಾಡುವವರ ಎದುರು ಕೂತು, ಕೇಳಿ, ಕೇಳಿ, ಬರೆದುಕೊಂಡರು. ಹಾಡು ಯಾರದು, ಯಾವ ಹೊತ್ತಿನದು, ಯಾಕೆ ಹಾಡುತ್ತಾರೆ ಎಂಬುದನ್ನೂ ಕೂಡಿಸಿ ಬರೆದರು. ನಮ್ಮ ಹುಡುಗ ಅರ್ಧ ನಿಮಿಷ ಹಿಡಿದದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಅವನಿಗೆ ಹೇಳಿಕೊಟ್ಟರೆ ಅವನೇ ಮುಂದಿನ ಚಿಣ್ಣಪ್ಪ ಆಗಬಹುದು. ಅವನ ಕೈ ಬಲು ನೇರ, ಚಿತ್ರ ಅಲುಗಿರಲಿಲ್ಲ, ಅದನ್ನು ಒಪ್ಪಲೇಬೇಕು.

ಈಗ ನನ್ನ ಕೋರಿಕೆಗೆ ಬರುತ್ತೇನೆ.

ಕಾನೂನು ಇದೆಯಲ್ಲ, ಸರಕಾರ ನೋಡಿಕೊಳ್ಳಲಿ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. 2022ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ದೇವಸ್ಥಾನಗಳಲ್ಲಿ ಮೊಬೈಲ್ ನಿಷೇಧಿಸಲು ಹೇಳಿತು. ಮರುವರ್ಷ ನಮ್ಮ ಮುಜರಾಯಿ ಇಲಾಖೆಯೂ ತನ್ನ ದೇವಸ್ಥಾನಗಳಿಗೆ ಅಂಥದ್ದೇ ಆದೇಶ ಹೊರಡಿಸಿತು. ಆದರೆ ಕೈಮಡ ಮುಜರಾಯಿಗೆ ಸೇರಿದ್ದಲ್ಲ, ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ದೀಪ ಹಚ್ಚುವ ನಡುಕೋಣೆ, ನೆಲ್ಲಕ್ಕಿ ನಡುಬಾಡೆಯೂ ಅಲ್ಲ. 2023ರಲ್ಲಿ ದೇಶಕ್ಕೆ ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯ್ದೆ ಬಂತು, ಅದು ಮಾತಾಡುವುದು ಒಬ್ಬೊಬ್ಬ ವ್ಯಕ್ತಿಯ ಬಗ್ಗೆ. ಒಕ್ಕ ಎಂಬುದು, ಕಾರೋಣ ಎಂಬುದು ಆ ಕಾಯ್ದೆಯ ಕಣ್ಣಿಗೆ ಬೀಳುವ ಸಂಗತಿಗಳಲ್ಲ. ಈ ಜಾಗದಲ್ಲಿ ಕಾನೂನು ನೀವೇ. ದೇವಕಾಡಿನಲ್ಲಿ ಕೊಡಲಿ ಆಡಬಾರದು ಎಂದು ಯಾವ ಸರಕಾರವೂ ಹೇಳುವ ಮೊದಲೇ ನಾಡು ಹೇಳಿತ್ತು. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವಕಾಡು ಹಾಗೆಯೇ ಉಳಿದವು, ಒತ್ತುವರಿ ಆದದ್ದು ತಕ್ಕರು ಮಾತಾಡುವುದನ್ನು ನಿಲ್ಲಿಸಿದ ಕಡೆ.

ಆದ್ದರಿಂದ ಮೊದಲು, ತೆರೆಗೆ ಒಂದು ಗಡಿ ಹಾಕಿ. ತೆರೆ ಕಟ್ಟಿದವರು ಕನ್ನಡಿ ನೋಡಿದ ಹೊತ್ತಿನಿಂದ ಮುಡಿ ಇಳಿಸುವವರೆಗೆ ಒಬ್ಬರ ಕೈಯಲ್ಲೂ ಫೋನು ಇರಬಾರದು, ಬೆಂಚಿನಲ್ಲಿ ಕೂತವರ ಕೈಯಲ್ಲೂ. ಕೈಮಡದ ಮೆಟ್ಟಿಲ ಹತ್ತಿರ ಒಂದು ಬುಟ್ಟಿ ಇಟ್ಟರೆ ಸಾಕು, ಚಪ್ಪಲಿ ಬಿಡುವುದು ನಮಗೆ ಯಾರೂ ಬೋರ್ಡು ಹಾಕಿ ಕಲಿಸಿಲ್ಲ. ನೆಲ್ಲಕ್ಕಿ ನಡುಬಾಡೆಯಲ್ಲಿ ಮೀದಿ ಇಡುವಾಗಲೂ ಹೀಗೆಯೇ.

ದಾಖಲೆ ಬೇಕೆಂದರೆ ಒಕ್ಕವೇ ಒಬ್ಬರನ್ನು ನೇಮಿಸಲಿ, ಟಾರ್ಚು ಹಚ್ಚದೆ, ಹಿಂದೆ ನಿಂತು ತೆಗೆಯುವವರನ್ನು. ತೆಗೆಯುವ ಮೊದಲು ತೆರೆ ಕಟ್ಟುವವರನ್ನು ಕೇಳಬೇಕು. ಅವರು ಕೂಲಿಗೆ ಬಂದವರು, ಅವರನ್ನು ಕೇಳುವುದೇನು ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. ಇಡೀ ರಾತ್ರಿ ನಮ್ಮ ಅಜ್ಜನನ್ನು ಹೊತ್ತು ನಿಲ್ಲುವವರು ಅವರು. ಮುಂದಿನ ಕೂಟಕ್ಕೆ ಅವರನ್ನೂ ಕರೆಯಿರಿ, ಕುರ್ಚಿ ಕೊಟ್ಟು ಕೂರಿಸಿ ಅವರ ಮಾತು ಕೇಳಿ. ನಾಡಿನ ಹುಡುಗ ಹುಡುಗಿಯರನ್ನೂ ಕರೆಯಿರಿ, ನಮ್ಮಂಥವರೇ ಸೇರಿ ಮಾಡಿದ ನಿಯಮವನ್ನು ಅವರು ಮೂರು ದಿನವೂ ಪಾಲಿಸುವುದಿಲ್ಲ. ತೆಗೆದ ವಿಡಿಯೋ ಒಕ್ಕದ ಪೆಟ್ಟಿಗೆಯಲ್ಲಿ ಇರಲಿ. ಅದರಲ್ಲಿ ಕಾಣುವವರು ಒಪ್ಪದೆ ಅದು ಹೊರಗೆ ಹೋಗಬಾರದು.

ಹೊರಗೆ ಹೋದರೆ? ನೊಂದವರೇ ಓಡಾಡಲಿ ಎಂದು ಬಿಡಬೇಡಿ. 2021ರ ಐಟಿ ನಿಯಮಗಳ ಪ್ರಕಾರ ಪ್ರತಿ ಜಾಲತಾಣವೂ ದೂರು ಕೇಳಲು ಒಬ್ಬ ಅಧಿಕಾರಿಯನ್ನು ಇಟ್ಟಿರಬೇಕು. ಸಮಿತಿಯ ಲೆಟರ್‌ಹೆಡ್ಡಿನಲ್ಲಿ ಸಮಿತಿಯೇ ಬರೆಯಲಿ. ಆ ಹೆಣ್ಣುಮಗಳ ವಿಡಿಯೋ ತೆಗೆಸಲು ನಾನು ಮತ್ತು ನನ್ನ ಮಗ ಕೂತು ಹನ್ನೊಂದು ಸಲ ವರದಿ ಮಾಡಿದೆವು. ಒಂದು ನಕಲು ಇನ್ನೂ ಇದೆ.

ಇನ್ನು ಕಥೆಗಳ ವಿಷಯ. ಪ್ರತಿ ಒಕ್ಕದಲ್ಲೂ ಎಂಬತ್ತು ದಾಟಿದವರು ಒಬ್ಬಿಬ್ಬರಾದರೂ ಇದ್ದಾರೆ. ಈ ಮಳೆಗಾಲದಲ್ಲಿ, ಹೇಗೂ ತೋಟದ ಕೆಲಸ ಕಡಿಮೆ, ಅವರ ಎದುರು ಕೂತು ಕಾರೋಣನ ಕಥೆ, ಗದ್ದೆಯ ಹೆಸರುಗಳು, ನೀರಿನ ಪಾಲು ಕೇಳಿ ಫೋನಿನಲ್ಲೇ ದನಿ ಹಿಡಿದಿಡಿ. ಕೊಡವ ತಕ್ಕಿನಲ್ಲಿ ಹೇಳುವವರದು ಅದರಲ್ಲಿ, ಅರೆಭಾಷೆಯವರದು ಅರೆಭಾಷೆಯಲ್ಲಿ, ಯರವರ ಕಥೆ ಯರವರ ನುಡಿಯಲ್ಲಿ. ಯಾರು ಹೇಳಿದ್ದು, ಯಾವ ದಿನ ಎಂದು ಮೊದಲಿಗೇ ಹೇಳಿಸಿ. ಅವರು ತಪ್ಪಿದರೆ ತಿದ್ದಬೇಡಿ, ಮರೆತು ಸುಮ್ಮನಾದರೆ ಆ ಸುಮ್ಮನಿರುವುದನ್ನೂ ಕತ್ತರಿಸಬೇಡಿ. ನಾನು ಬೇಕಾದರೆ ಮನೆ ಮನೆಗೆ ಬರುತ್ತೇನೆ, ಮೊಣಕಾಲು ಅನುಮತಿಸಿದಷ್ಟು ದೂರ.

ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್‌ಗೆ ಮೊದಲು ಒಂದು ಕೂಟ ಕರೆದು ಇದನ್ನು ಚರ್ಚೆಗೆ ತೆಗೆದುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಲೆಕ್ಕಪತ್ರಕ್ಕೂ ಮೊದಲು, ಬೆಳಕಿರುವಾಗಲೇ. ನನಗೆ ಉತ್ತರ ಕೊಡುವುದಿದ್ದರೆ ದಯವಿಟ್ಟು ಗುಂಪಿನಲ್ಲಿ ಹೆಬ್ಬೆರಳು ಎತ್ತಿ ಮುಗಿಸಬೇಡಿ. ಆ ಹೆಣ್ಣುಮಗಳ ಮನೆ ನಿಮಗೆಲ್ಲ ಗೊತ್ತು. ಮುಂದಿನ ಸಲ ಕಾರೋಣಂಗೆ ಕೊಡುವಾಗ ಆಕೆ ಬರುವುದಿಲ್ಲ ಎನ್ನುತ್ತಿದ್ದಾಳೆ. ನಿಮ್ಮಲ್ಲಿ ಯಾರಾದರೂ ಒಬ್ಬರು ಅಲ್ಲಿಗೆ ಹೋಗಿ, ಕೂತು, ಈ ಸಲ ಫೋನು ಇರುವುದಿಲ್ಲ ಬಾ ತಂಗಿ ಎಂದು ಕರೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ನಾಪೋಕ್ಲು ಕಡೆ, ಕೊಡಗು